ಚಾವಣಿ ಹಾನಿ ಮತ್ತು ಗೃಹ ವಿಮೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು

ಬಿರುಗಾಳಿ, ಜೋರು ಮಳೆ, ಸಿಡಿಲು, ಮರ ಬೀಳುವುದು ಮುಂತಾದ ಕಾರಣಗಳಿಂದ ಮನೆಯ ಚಾವಣಿಗೆ ಆದ ನಷ್ಟವನ್ನು ತುಂಬಿಕೊಳ್ಳಲು ಬೆಳಗಾವಿ ಜಿಲ್ಲೆಯ ಈ ಮೂರು ತಾಲೂಕುಗಳ ಮನೆ ಮಾಲೀಕರಿಗೆ ಎರಡು ದಾರಿಗಳಿವೆ. ಒಂದು ತಹಶೀಲ್ದಾರ್ ಕಚೇರಿಯ ಮೂಲಕ ಬರುವ ಸರ್ಕಾರಿ ನೆರವು. ಇನ್ನೊಂದು, ಮೊದಲೇ ಕಂತು ಕಟ್ಟಿ ಮಾಡಿಸಿದ ಗೃಹ ವಿಮೆಯ ಕ್ಲೇಮು. ಮೊದಲ ದಾರಿಯನ್ನು ಊರಿಗೆ ಊರೇ ಬಲ್ಲದು. ಎರಡನೆಯದನ್ನು ಬಲ್ಲವರು ಬಹುಮಟ್ಟಿಗೆ ಬ್ಯಾಂಕಿನಿಂದ ಮನೆ ಸಾಲ ತೆಗೆದವರು. ಅವರಲ್ಲೂ ಸಾಲದ ಕಾಗದಗಳ ನಡುವೆ ವಿಮೆಯ ಬಾಂಡ್ ಇದೆ ಎಂಬುದನ್ನು ಮರೆತವರು ಉಂಟು. ಆದರೆ ಈ ಸೀಮೆಯಲ್ಲಿ ಗಾಳಿಗೆ ಹೆಚ್ಚಾಗಿ ಆಗುವ ಹಾನಿ, ಅಂದರೆ ಗೋಡೆ ನಿಂತು ಪತ್ರಾಸ್ (ತಗಡಿನ ಹೊದಿಕೆ) ಹಾರಿಹೋಗುವುದು, ಸರ್ಕಾರಿ ನೆರವಿನ ಲೆಕ್ಕದಲ್ಲಿ ಅತಿ ಕಡಿಮೆ ಹಣ ತರುವ ಹಾನಿ. ಗೃಹ ವಿಮೆ ಕೆಲಸಕ್ಕೆ ಬರುವುದು ಸರಿಯಾಗಿ ಅಲ್ಲಿ.

ಗಾಳಿಯೂ ಚಾವಣಿಯೂ

ಹುಕ್ಕೇರಿಯ ಪಶ್ಚಿಮದಿಂದ ಮೂಡಲಗಿಯ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಸಹ್ಯಾದ್ರಿಯ ನೀರನ್ನು ಹೊತ್ತು ಬರುವ ಘಟಪ್ರಭೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಾಗಿ ನಿಂತು, ಗೋಕಾಕ ಫಾಲ್ಸ್‌ನಲ್ಲಿ ಸುಮಾರು 52 ಮೀಟರ್ ಧುಮುಕಿ ಮುಂದೆ ಸಾಗುತ್ತದೆ. ಈ ನದಿ ಆಗಾಗ ಮನೆ ಕೆಡವುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ನಗರದ ತಗ್ಗಿನ ಭಾಗಗಳಿಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಆದರೆ ನೆರೆ ಬರುವುದು ಜುಲೈ–ಆಗಸ್ಟ್‌ನಲ್ಲಿ. ಚಾವಣಿಗಳಿಗೆ ಕಂಟಕವಾಗುವುದು ಅದಕ್ಕೂ ಮೊದಲಿನ ಏಪ್ರಿಲ್, ಮೇ ತಿಂಗಳ ಅಡ್ಡಮಳೆ. ಅಶ್ವಿನಿ ನಕ್ಷತ್ರದಿಂದ ರೋಹಿಣಿಯವರೆಗಿನ ಈ ಮಳೆ ಮಧ್ಯಾಹ್ನದ ಕಾವು ಏರಿದ ಮೇಲೆ ಗುಡುಗಿ ಬರುತ್ತದೆ. ಮೋಡದಿಂದ ಕೆಳಕ್ಕೆ ಕುಸಿಯುವ ತಂಪು ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಅದರ ಅಬ್ಬರ ಕೆಲವೇ ನಿಮಿಷಗಳದ್ದು, ಹೊಡೆತ ಬೀಳುವುದೂ ಅಗಲ ಕಡಿಮೆಯ ಒಂದು ಪಟ್ಟಿಯಲ್ಲಿ. ಒಂದು ಓಣಿಯ ಪತ್ರಾಸ್ ಕಬ್ಬಿನ ಗದ್ದೆಯಲ್ಲಿ ಬಿದ್ದಿರುತ್ತದೆ, ಪಕ್ಕದ ಊರಲ್ಲಿ ಎಲೆಯೂ ಉದುರಿರುವುದಿಲ್ಲ. ಕ್ಲೇಮಿನ ಹೊತ್ತಿಗೆ ಇದೇ ಮುಖ್ಯ ತೊಡಕಾಗುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಂಬ, ತೊಲೆ, ಜಂತಿಗಳ ಮೇಲೆ ದಪ್ಪ ಮಣ್ಣು ಹೊತ್ತ ಈ ಮಾಳಿಗೆಗಳನ್ನು ಗಾಳಿ ಎತ್ತಲಾರದು. ಇವುಗಳ ವೈರಿ ದಿನಗಟ್ಟಲೆ ಹಿಡಿದ ಜಿಟಿಜಿಟಿ ಮಳೆ. ನೀರು ಕುಡಿದ ಮಣ್ಣಿನ ಭಾರಕ್ಕೆ ಗೆದ್ದಲು ತಿಂದ ಜಂತಿ ಮುರಿಯುತ್ತದೆ, ಇಲ್ಲವೇ ಗೋಡೆ ಬುಡದಲ್ಲಿ ನೆನೆದು ಕುಸಿಯುತ್ತದೆ. ಹಂಚಿನ ಮನೆಗಳು ಪಶ್ಚಿಮಕ್ಕೆ ಹೋದಂತೆ ಹೆಚ್ಚು. ಹಂಚಿನ ಕೆಲಸಕ್ಕೆ ಹೆಸರಾದ ಖಾನಾಪುರ ಇದೇ ಜಿಲ್ಲೆಯದು. ಹಂಚು ಬಿಡಿಬಿಡಿಯಾಗಿ ಜಾರುತ್ತದೆ, ಒಡೆಯುತ್ತದೆ. ಮನೆಯವರೇ ಏಣಿ ಹಾಕಿ ಬದಲಿಸುವುದರಿಂದ ಆ ನಷ್ಟ ಯಾವ ಕಡತಕ್ಕೂ ಏರುವುದಿಲ್ಲ. ಸ್ಲ್ಯಾಬಿನ ಮನೆಗೆ ಗಾಳಿಯ ಭಯವಿಲ್ಲ. ಆದರೆ ಅದರ ಮೇಲಿನ ನೀರಿನ ಟಾಕಿ, ಸೋಲಾರ್, ಬಟ್ಟೆ ಒಣಗಿಸಲು ಹಾಕಿದ ತಗಡಿನ ಶೆಡ್ಡಿಗೆ ಇದೆ.

ಉಳಿದದ್ದು ಪತ್ರಾಸ್. ತೋಟದ ಮನೆ, ಜನತಾ ಮನೆಗೆ ಸೇರಿಸಿದ ಪಡಸಾಲೆ, ದನದ ಕೊಟ್ಟಿಗೆ, ಊರ ಅಂಚಿನ ಹೊಸ ಮನೆ ಎಲ್ಲಕ್ಕೂ ತಗಡೇ. ಗಾಳಿ ತಗಡನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಇಳಿಜಾರಿನ ಮೇಲೆ ವೇಗವಾಗಿ ಹರಿಯುವ ಗಾಳಿ ಹೊರಗಿನ ಒತ್ತಡ ಇಳಿಸುತ್ತದೆ. ಗಾಳಿಗೆ ಎದುರಾದ ಬಾಗಿಲು ತೆರೆದಿದ್ದರೆ ಒಳಗಿನ ಒತ್ತಡ ಏರುತ್ತದೆ. ಎರಡೂ ಕೂಡಿ ಸೂರಿನ ಅಂಚಿನ ತಗಡು ಮೊದಲು ಪಟಪಟಿಸುತ್ತದೆ. ತಗಡು ಬಿಗಿಯುವ ಹುಕ್ಕು ಕೂತ ತೂತನ್ನು ಹತ್ತಿರದಿಂದ ನೋಡಿದರೆ ಹಾನಿಯ ಕಥೆ ಅಲ್ಲೇ ಇರುತ್ತದೆ. ಒಂದೇ ಹೊಡೆತಕ್ಕೆ ಕಿತ್ತಿದ್ದರೆ ತೂತಿನ ಅಂಚು ಹರಿದು ಮೇಲಕ್ಕೆ ಮಡಚಿಕೊಂಡು ಹೊಳೆಯುತ್ತದೆ. ವರ್ಷಗಳಿಂದ ಸವೆದಿದ್ದರೆ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿ, ಸುತ್ತ ತುಕ್ಕು ಹಿಡಿದು, ವಾಷರ್ ಎಂದೋ ಉದುರಿರುತ್ತದೆ. ವಿಮಾ ಕಂಪನಿಯ ಸರ್ವೇಯರ್ (ಹೊಲ ಅಳೆಯುವ ಸರ್ವೇಯರ್ ಅಲ್ಲ, ನಷ್ಟ ಅಳೆಯುವವನು) ಮೊದಲು ಬಗ್ಗಿ ನೋಡಬೇಕಾದ ಜಾಗ ಇದು. ಹುಕ್ಕಿನ ಬದಲು ತಗಡಿನ ಮೇಲೆ ಕಲ್ಲು ಹೇರುವುದು ಈ ಭಾಗದ ರೂಢಿ. ತಗಡು ಎದ್ದಾಗ ಆ ಕಲ್ಲುಗಳು ಮನೆಯೊಳಗೇ ಬೀಳುತ್ತವೆ.

ಸರ್ಕಾರಿ ನೆರವು

ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯನ್ನು ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡುತ್ತದೆ. 2022–23ರಿಂದ 2025–26ರ ಅವಧಿಯ ದರಗಳ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಗುಡಿಸಲಿಗೆ 8,000, ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 3,000. ಇದರ ಹಿಂದಿನ, 2015ರ ಪಟ್ಟಿಯಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 5,200, ಕಚ್ಚಾ ಮನೆಗೆ 3,200 ಇತ್ತು.

1,20,000 ಮತ್ತು 6,500ರ ನಡುವೆ ಇರುವ ಕಂದಕದಲ್ಲಿ ಪತ್ರಾಸ್ ಮನೆ ಬೀಳುತ್ತದೆ. ಚಾವಣಿ ಪೂರ್ತಿ ಹೋಗಿ ಗೋಡೆ ನಿಂತಿದ್ದರೆ ಅದನ್ನು ಸಾಮಾನ್ಯವಾಗಿ ಭಾಗಶಃ ಹಾನಿ ಎಂದೇ ಬರೆಯುತ್ತಾರೆ. ತಗಡು, ಪೈಪು, ಹುಕ್ಕು, ಮಿಸ್ತ್ರಿಯ ಕೂಲಿ ಎಲ್ಲ ಸೇರಿದ ಬಿಲ್ಲಿನ ಮುಂದೆ 6,500 ಎಷ್ಟರದು ಎಂಬುದನ್ನು ಒಮ್ಮೆ ಪತ್ರಾಸ್ ಕೊಂಡವರಿಗೆ ಹೇಳಬೇಕಿಲ್ಲ. 2019ರ ನೆರೆಯ ನಂತರ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ, ಶೇ 75ಕ್ಕಿಂತ ಹೆಚ್ಚು ಹಾನಿಯಾದ ‘ಎ’ ವರ್ಗದ ಮನೆಗೆ 5 ಲಕ್ಷ, ಶೇ 15ರಿಂದ 25ರ ‘ಸಿ’ ವರ್ಗಕ್ಕೆ 50,000 ಕೊಟ್ಟಿತು. ನಡುವಿನ ‘ಬಿ’ ವರ್ಗಕ್ಕೆ ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿಗೆ 3 ಲಕ್ಷ ಎಂದಾಯಿತು. ಹಣ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಟ್ಟಡದ ಹಂತ ನೋಡಿ ಕಂತುಗಳಲ್ಲಿ ಬಂತು. ಎ, ಬಿ, ಸಿ ಎಂಬ ಅಕ್ಷರಗಳು ಅಂದಿನಿಂದ ನದಿ ದಂಡೆಯ ಊರುಗಳ ಮಾತಿನಲ್ಲಿ ಉಳಿದಿವೆ. ಆದರೆ ಅದು ಒಂದು ದೊಡ್ಡ ಪ್ರವಾಹಕ್ಕಾಗಿ ಮಾಡಿದ ವಿಶೇಷ ತೀರ್ಮಾನ. ಮೇ ತಿಂಗಳ ಒಂದು ಸಂಜೆ ಹತ್ತು ಮನೆಗಳ ತಗಡು ಹಾರಿದಾಗ ಅಂಥ ಆದೇಶ ಹೊರಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೇಂದ್ರದ ಪಟ್ಟಿಯಲ್ಲಿರುವ ವಿಪತ್ತುಗಳಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು, ಮೇಘಸ್ಫೋಟ ಇವೆ. ಗುಡುಗುಮಳೆಯ ಬಿರುಗಾಳಿಗೆ ಬೇರೆ ಹೆಸರಿಲ್ಲ. ಸ್ಥಳೀಯ ವಿಪತ್ತು ಎಂದು ರಾಜ್ಯ ಅಧಿಸೂಚಿಸಿದ್ದಕ್ಕೆ ನಿಧಿಯ ಶೇ 10ರವರೆಗೆ ಬಳಸಲು ಅವಕಾಶವಿದೆ. ಆದ್ದರಿಂದ ಪಂಚನಾಮೆಯಲ್ಲಿ ‘ಗಾಳಿಗೆ ಬಿದ್ದಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಗಾಳಿಯ ಜೊತೆ ಮಳೆ ಬಂತೇ, ಆಲಿಕಲ್ಲು ಬಿತ್ತೇ, ಸಿಡಿಲು ಬಡಿಯಿತೇ ಎಂದು ಆದದ್ದನ್ನು ಆದಂತೆ ಬರೆಸಬೇಕು.

ಹಾನಿಯ ಸುದ್ದಿ ಮುಟ್ಟಬೇಕಾದದ್ದು ಗ್ರಾಮ ಆಡಳಿತ ಅಧಿಕಾರಿಗೆ (ಹಳಬರ ಬಾಯಲ್ಲಿ ಇನ್ನೂ ತಲಾಠಿ) ಮತ್ತು ಪಂಚಾಯಿತಿಗೆ. ಗೋಕಾಕ ನಗರದಲ್ಲಿ ನಗರಸಭೆಗೆ, ಮೂಡಲಗಿ, ಹುಕ್ಕೇರಿ, ಸಂಕೇಶ್ವರಗಳಲ್ಲಿ ಪುರಸಭೆಗೆ. ಅಧಿಕಾರಿ ಸ್ಥಳಕ್ಕೆ ಬಂದು, ಪಂಚರ ಸಮಕ್ಷಮ ಪಂಚನಾಮೆ ಬರೆದು, ಫೋಟೊ ತೆಗೆದು ತಹಶೀಲ್ದಾರರಿಗೆ ಕಳಿಸುತ್ತಾರೆ. ಹಾನಿಯ ಪ್ರಮಾಣ ಹೇಳಲು ಎಂಜಿನಿಯರ್ ಬರುವುದುಂಟು. ಹಣ ನೇರ ಖಾತೆಗೆ ಬರುತ್ತದೆ. ಮನೆ ಅಧಿಕೃತ ಕಟ್ಟಡವಾಗಿರಬೇಕೆಂಬ ಷರತ್ತು ಮಾರ್ಗಸೂಚಿಯಲ್ಲೇ ಇದೆ. ಹೊಲದಲ್ಲಿ ಕಟ್ಟಿಕೊಂಡ, ಪಂಚಾಯಿತಿಯಲ್ಲಿ ಉತಾರ (ಆಸ್ತಿಯ ದಾಖಲೆ ಪ್ರತಿ) ಇಲ್ಲದ ತೋಟದ ಮನೆಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಗೃಹ ವಿಮೆ

ಈ ಭಾಗದ ರೈತರಿಗೆ ವಿಮೆ ಎಂದರೆ 2016ರಿಂದ ನಡೆದಿರುವ ಫಸಲ್ ಬಿಮಾ, ಅಂದರೆ ಬೆಳೆ ವಿಮೆ. ಅದು ಹೊಲದ ಫಸಲಿಗೆ ಮಾತ್ರ, ಮನೆಗೆ ಸಂಬಂಧವಿಲ್ಲ. ಮನೆಗೂ ಒಂದು ಸರ್ಕಾರಿ ವಿಮೆ ಹಿಂದೆ ಇತ್ತು. 1988ರಲ್ಲಿ ಬಂದ ಗುಡಿಸಲು ವಿಮಾ ಯೋಜನೆ ಗ್ರಾಮೀಣ ಬಡವರ ಗುಡಿಸಲಿಗೆ 1,000, ಸಾಮಾನಿಗೆ 500 ರೂಪಾಯಿ ಕೊಡುತ್ತಿತ್ತು. ಅದೂ ಬೆಂಕಿ ಬಿದ್ದರೆ ಮಾತ್ರ. ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿದ ಗುಡಿಸಲಿಗೆ ಬೆಂಕಿಯ ಭಯ ಸಣ್ಣದೇನಲ್ಲ, ಆದರೆ ಗಾಳಿಗೆ ಹಾರಿದ ಗುಡಿಸಲಿಗೆ ಆ ಯೋಜನೆಯಲ್ಲಿ ಏನೂ ಇರಲಿಲ್ಲ.

ಈಗ ಮಾರುಕಟ್ಟೆಯಲ್ಲಿರುವ ಮುಖ್ಯ ಪಾಲಿಸಿ ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ, ಬೆಂಕಿ ವಿಮೆಯ ವ್ಯವಹಾರ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಒಂದೇ ಒಕ್ಕಣೆಯಲ್ಲಿ ಮಾರಬೇಕೆಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಆದೇಶಿಸಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ಮರ ಅಥವಾ ವಾಹನ ಬಂದು ಅಪ್ಪಳಿಸುವುದು, ನೀರಿನ ಟಾಕಿ ಒಡೆಯುವುದು ಎಲ್ಲವೂ ಇದರಲ್ಲಿ ಸೇರಿವೆ. ಇಂಥ ಘಟನೆಯಾದ ಏಳು ದಿನಗಳೊಳಗೆ ಅದರಿಂದಾಗಿ ಮನೆಯಲ್ಲಿ ಕಳವಾದರೆ ಅದೂ ಸೇರುತ್ತದೆ. ಚಾವಣಿ ಹೋದ ಮನೆಗೆ ಇದು ಸಣ್ಣ ಮಾತಲ್ಲ.

ವಿಮಾ ಮೊತ್ತದ ಲೆಕ್ಕ ಸರಳ: ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು ಚದರ ಅಡಿಯ ಕಟ್ಟುವ ಖರ್ಚಿನಿಂದ ಗುಣಿಸಬೇಕು. ಜಾಗದ ಬೆಲೆ ಸೇರಿಸಬಾರದು. 600 ಚದರ ಅಡಿಯ ಮನೆಗೆ ಅಡಿಗೆ 1,500 ಎಂದು ಹಿಡಿದರೆ 9 ಲಕ್ಷ. ಇದರ ಶೇ 20, ಅಂದರೆ 1,80,000 ರೂಪಾಯಿ, ಮನೆಯ ಸಾಮಾನುಗಳಿಗೆ ತಾನಾಗಿಯೇ ಸಿಗುತ್ತದೆ, ಯಾದಿ ಕೊಡಬೇಕಿಲ್ಲ. ಈ ತಾನಾಗಿ ಸಿಗುವ ಮೊತ್ತದ ಮಿತಿ 10 ಲಕ್ಷ. ಪಾಲಿಸಿಯನ್ನು ಒಮ್ಮೆಗೇ ಹತ್ತು ವರ್ಷದವರೆಗೂ ಮಾಡಿಸಬಹುದು.

ಹಳೆಯ ಬೆಂಕಿ ಪಾಲಿಸಿಗಳಲ್ಲಿ ಒಂದು ಕಟು ನಿಯಮವಿತ್ತು. 10 ಲಕ್ಷದ ಮನೆಯನ್ನು 5 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 60,000ದ ಹಾನಿಗೂ ಕಂಪನಿ ಅರ್ಧ, ಅಂದರೆ 30,000 ಮಾತ್ರ ಕೊಡುತ್ತಿತ್ತು. ಭಾರತ್ ಗೃಹ ರಕ್ಷಾ ಈ ಕಡಿತವನ್ನು ತೆಗೆದುಹಾಕಿದೆ. ಚಾವಣಿ ಹಾನಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಅನುಕೂಲ ಆ ಪಾಲಿಸಿಯಲ್ಲಿ ಇನ್ನೊಂದಿಲ್ಲ ಎನ್ನಬಹುದು, ಏಕೆಂದರೆ ಚಾವಣಿಯ ನಷ್ಟ ಹೆಚ್ಚಾಗಿ ಭಾಗಶಃ ನಷ್ಟವೇ. ಕೊಡುವುದು ದುರಸ್ತಿ ವೆಚ್ಚ, ಹಾನಿಯಾಗುವ ಹೊತ್ತಿಗೆ ಮನೆ ಹೇಗಿತ್ತೋ ಹಾಗೆ ತರಲು. ಪತ್ರಾಸ್ ಹೋದ ನೆಪದಲ್ಲಿ ಸ್ಲ್ಯಾಬ್ ಹಾಕಿಸಿದರೆ ಹೆಚ್ಚಿನ ಖರ್ಚು ಮನೆಯವರದು. ಬಿದ್ದ ಅವಶೇಷ ಸಾಗಿಸಲು ಕ್ಲೇಮಿನ ಶೇ 2ರವರೆಗೆ, ಎಂಜಿನಿಯರ್ ಶುಲ್ಕಕ್ಕೆ ಶೇ 5ರವರೆಗೆ ಬೇರೆ ಸಿಗುತ್ತದೆ.

ಯಾವುದು ಮನೆ, ಯಾವುದಲ್ಲ ಎಂಬುದನ್ನು ಬಾಂಡಿನಲ್ಲಿ ಓದಿಕೊಂಡಿರಬೇಕು. ಕಂಪೌಂಡು ಗೋಡೆ, ಗೇಟು, ವರಾಂಡ, ನೀರಿನ ಟಾಕಿ, ಗೋಬರ್ ಗ್ಯಾಸ್ ಘಟಕ, ಸೋಲಾರ್ ಫಲಕ ಕಟ್ಟಡದ ಭಾಗವಾಗಿ ಬರುತ್ತವೆ. ಹೊರಮನೆ ಬರುವುದು ವಾಸಕ್ಕೆ ಬಳಸಿದರೆ. ದನದ ಕೊಟ್ಟಿಗೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿಯೋ ಹಿಟ್ಟಿನ ಗಿರಣಿಯೋ ಇದ್ದರೆ ಆ ಭಾಗಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಇದೆ. ಗೋಡೆ ಅಥವಾ ಚಾವಣಿ ಹಲಗೆ, ಹುಲ್ಲು, ಸೋಗೆ, ಬಿದಿರು, ತಾಡಪತ್ರಿಯದಾಗಿದ್ದರೆ ಪಾಲಿಸಿಯ ಭಾಷೆಯಲ್ಲಿ ಅದು ಕಚ್ಚಾ ಕಟ್ಟಡ. ತಗಡು ಈ ಪಟ್ಟಿಯಲ್ಲಿಲ್ಲ. ಮುಖ್ಯ ಮನೆ ಪಕ್ಕಾ ಇದ್ದು ಅಡುಗೆ ಕೋಣೆಗೆ ರವದಿ ಹೊದಿಸಿದ್ದರೆ ಅದನ್ನು ಪ್ರಸ್ತಾವ ಪತ್ರದಲ್ಲೇ ಬರೆಸಬೇಕು. ಏಜೆಂಟ್ ಅವಸರದಲ್ಲಿ ‘ಪಕ್ಕಾ’ ಎಂದು ಗುರುತು ಹಾಕಿದ ಒಂದು ಚೌಕ ಕ್ಲೇಮಿನ ದಿನ ಇಡೀ ಕಡತವನ್ನು ತಡೆದು ನಿಲ್ಲಿಸಬಲ್ಲದು.

ವಿಳಾಸದ ತೊಡಕು ಮೂಡಲಗಿಯವರದು. ಮೂಡಲಗಿ ಹಿಂದೆ ಗೋಕಾಕ ತಾಲೂಕಿನ ಭಾಗ. ಹಳೆಯ ಖರೀದಿ ಪತ್ರ, ಹಳೆಯ ಬಾಂಡುಗಳಲ್ಲಿ ಊರಿನ ಮುಂದೆ ‘ತಾ. ಗೋಕಾಕ’ ಎಂದಿರುತ್ತದೆ, ಇಂದಿನ ಉತಾರ, ಆಧಾರ್‌ನಲ್ಲಿ ‘ತಾ. ಮೂಡಲಗಿ’. ನವೀಕರಣದ ವೇಳೆ ಮನೆ ನಂಬರಿನ ಜೊತೆ ಇದನ್ನೂ ಸರಿಪಡಿಸಿಕೊಂಡರೆ ಮುಂದೆ ವಿವರಣೆ ಕೊಡುವ ಕೆಲಸ ತಪ್ಪುತ್ತದೆ.

ಕ್ಲೇಮು ಮಾಡುವ ಕ್ರಮ

ಮೊದಲು ಕರೆಂಟು. ತಂತಿ ಹರಿದು ತಗಡಿನ ಮೇಲೆ ಬಿದ್ದಿದ್ದರೆ ಮನೆಯನ್ನೇ ಮುಟ್ಟಬಾರದು. ಗೋಕಾಕ, ಮೂಡಲಗಿಗಳಲ್ಲಿ ವಿದ್ಯುತ್ ಕಂಪನಿ ಹೆಸ್ಕಾಂಗೆ ತಿಳಿಸಬೇಕು. ಹುಕ್ಕೇರಿ ತಾಲೂಕಿನಲ್ಲಿ ಲೈನು ನೋಡಿಕೊಳ್ಳುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ವಿದ್ಯುತ್ ವಿತರಣೆಯನ್ನು ಸಹಕಾರಿ ಸಂಘವೇ ನಡೆಸುವ ತಾಲೂಕು ರಾಜ್ಯದಲ್ಲಿ ಬೇರೆ ಕಾಣಸಿಗುವುದಿಲ್ಲ.

ನಂತರ ಫೋಟೊ, ಆಮೇಲೆ ತಾಡಪತ್ರಿ. ಈ ಕ್ರಮ ತಿರುವುಮುರುವಾಗಬಾರದು. ಮನೆಯ ನಾಲ್ಕೂ ಕಡೆಯಿಂದ, ಒಳಗಿನಿಂದ ಆಕಾಶ ಕಾಣುವಂತೆ, ಹಾರಿ ಬಿದ್ದ ತಗಡು ಇದ್ದಲ್ಲೇ, ಹರಿದ ಹುಕ್ಕಿನ ತೂತು ಹತ್ತಿರದಿಂದ, ನೆನೆದ ಜೋಳದ ಚೀಲ, ಟಿವಿ, ಹಾಸಿಗೆ ಎಲ್ಲವನ್ನೂ ತೆಗೆದಿಡಬೇಕು. ಅದಾದ ಕೂಡಲೇ ಮುಚ್ಚಬೇಕು. ಸರ್ವೇಯರ್ ಬರಲಿ ಎಂದು ಮನೆಯನ್ನು ಇನ್ನೆರಡು ಮಳೆಗೆ ತೆರೆದಿಟ್ಟರೆ ಆ ಹೆಚ್ಚಿನ ನಷ್ಟಕ್ಕೆ ಕಂಪನಿ ತಕರಾರು ತೆಗೆಯುತ್ತದೆ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯವೆಂದು ಪಾಲಿಸಿಯಲ್ಲೇ ಇದೆ. ತಾಡಪತ್ರಿ, ಹಗ್ಗ, ಕೂಲಿಯ ರಸೀದಿ ಇಟ್ಟುಕೊಳ್ಳಬೇಕು. ಮುರಿದ ತಗಡನ್ನು ಗುಜರಿಯವನಿಗೆ ಕೊಡಬಾರದು. ಅದು ಸಾಕ್ಷಿ, ಮತ್ತು ಅದರ ಗುಜರಿ ಬೆಲೆ ಕೂಡ ಲೆಕ್ಕದಲ್ಲಿ ಬರುತ್ತದೆ.

ಕಂಪನಿಗೆ ಸುದ್ದಿ ಅಂದೇ ಮುಟ್ಟಬೇಕು. ಕ್ಲೇಮು ಫಾರ್ಮು ಹಾನಿ ಕಂಡ ದಿನದಿಂದ 30 ದಿನದೊಳಗೆ. ಫೋನಿನಲ್ಲಿ ಸಾಮಾನ್ಯವಾಗಿ ಹೇಳುವ ಮಾತು ‘ಪತ್ರಾಸ್ ಹಾರಿ ಹೋಗ್ಯಾವ್ರಿ’ ಎಂಬಷ್ಟೇ. ಫಾರ್ಮಿಗೆ ಅದು ಸಾಲದು. ಎಷ್ಟು ಗಂಟೆಗೆ, ಗಾಳಿ ಯಾವ ದಿಕ್ಕಿನಿಂದ, ಎಷ್ಟು ತಗಡು, ಎಷ್ಟು ಅಡಿಯವು, ಯಾವ ಕೋಣೆ ಎಂದು ಬರೆಯಬೇಕು. ಸಾಲ ಇದ್ದರೆ ಬ್ಯಾಂಕಿಗೂ ತಿಳಿಸಬೇಕು, ಏಕೆಂದರೆ ಅಂಥ ಪಾಲಿಸಿಯಲ್ಲಿ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು.

ವಿಮಾ ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಸುದ್ದಿ ಬಂದ 24 ಗಂಟೆಗಳಲ್ಲಿ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ಅವನ ವರದಿ ಕಂಪನಿಗೆ ಸೇರಬೇಕು, ವರದಿ ಬಂದ 7 ದಿನಗಳಲ್ಲಿ ತೀರ್ಮಾನವಾಗಬೇಕು. ಯಾವುದೋ ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ ಎಂದೂ ಅದು ಹೇಳುತ್ತದೆ. ಸರ್ವೇಯರ್ ಕೇಳುವವು ಹೆಚ್ಚಾಗಿ ಇವು: ಬಾಂಡು, ಮನೆಯ ಉತಾರ ಅಥವಾ ಇ-ಸ್ವತ್ತು ಪ್ರತಿ, ಫೋಟೊ, ಮಿಸ್ತ್ರಿಯ ಅಂದಾಜು ಪಟ್ಟಿ, ತಗಡಿನ ಅಂಗಡಿಯ ದರಪಟ್ಟಿ, ಬ್ಯಾಂಕ್ ಪಾಸ್‌ಬುಕ್.

ಅಂದು ಬಿರುಗಾಳಿ ಬಂದಿತ್ತು ಎಂಬುದಕ್ಕೆ ಪುರಾವೆ ಕೇಳುವುದೂ ಉಂಟು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಗಾಳಿಯ ವೇಗ ಅಳೆಯುವ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಮಳೆಯ ಲೆಕ್ಕ ಊರಿನ ಹತ್ತಿರದ್ದೇ ಸಿಗುತ್ತದೆ, ಗಾಳಿಯ ಲೆಕ್ಕ ಹೋಬಳಿಯದು. ಮೊದಲು ಹೇಳಿದ ಪಟ್ಟಿಗಾಳಿ ಮೂರು ಮೈಲು ಆಚೆಯ ಯಂತ್ರದಲ್ಲಿ ದಾಖಲಾಗದೇ ಹೋಗಬಹುದು. ಆಗ ‘ವೇಗ ಕಡಿಮೆ ಇತ್ತು’ ಎಂಬ ವರದಿ ಕ್ಲೇಮಿಗೆ ಎದುರಾಗಿ ನಿಲ್ಲುತ್ತದೆ. ಇಂಥಲ್ಲಿ ತಲಾಠಿಯ ಪಂಚನಾಮೆ ಬೆಲೆಬಾಳುತ್ತದೆ: ಅದೇ ಸಂಜೆ ಅದೇ ಓಣಿಯಲ್ಲಿ ಯಾರ ಯಾರ ಮನೆ, ಯಾವ ಮರ, ಎಷ್ಟು ಕಂಬ ಬಿದ್ದವು ಎಂಬ, ಸರ್ಕಾರಿ ಸಹಿ ಇರುವ ಕಾಗದ. ಆದ್ದರಿಂದ 6,500 ರೂಪಾಯಿಗೆ ಯಾಕೆ ಅಲೆಯಬೇಕು ಎಂದು ವಿಮೆ ಇದ್ದವರು ಪಂಚನಾಮೆ ಬಿಡುವುದು ಜಾಣತನವಲ್ಲ. ನಕಲು ಪಡೆದು ಕ್ಲೇಮಿಗೆ ಲಗತ್ತಿಸಬೇಕು. ಊರಿನ ಸುದ್ದಿ ಬಂದ ಪತ್ರಿಕೆಯ ಪುಟವನ್ನೂ ಇಡಬಹುದು.

ತಕರಾರು

ಕ್ಲೇಮು ತಿರಸ್ಕರಿಸಲು ಅಥವಾ ಕತ್ತರಿಸಲು ಸಾಮಾನ್ಯವಾಗಿ ಕೊಡುವ ಕಾರಣ, ಚಾವಣಿ ಮೊದಲೇ ಸವೆದಿತ್ತು ಎಂಬುದು. ಇದಕ್ಕೆ ಉತ್ತರ ಹಾನಿಗೆ ಮೊದಲಿನ ಫೋಟೊ. ಮದುವೆ, ಗೃಹಪ್ರವೇಶ, ಸೀಮಂತದ ಚಿತ್ರಗಳಲ್ಲಿ ಹಿಂದೆ ಕಾಣುವ ಸೂರು ಎಷ್ಟೋ ಸಲ ಸಾಕಾಗುತ್ತದೆ. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪದೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಬೇಕು. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಬಹುದು.

ಮುಂದಿನ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಅಲ್ಲಿ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಕರ್ನಾಟಕ ಪೂರ್ತಿ ಅದರ ವ್ಯಾಪ್ತಿಗೆ ಸೇರಿದೆ. 50 ಲಕ್ಷ ರೂಪಾಯಿವರೆಗಿನ ಕ್ಲೇಮು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ಬಾಗಿಲು. ಅಲ್ಲಿ ದೂರು ಸಲ್ಲಿಸಲು ಎರಡು ವರ್ಷದ ಅವಧಿ ಇದೆ. ಒಂದೇ ಕ್ಲೇಮನ್ನು ಎರಡೂ ಕಡೆ ಒಟ್ಟಿಗೆ ನಡೆಸುವಂತಿಲ್ಲ. ಓಂಬುಡ್ಸ್‌ಮನ್ ಕೊಟ್ಟ ಆದೇಶವನ್ನು ಕಂಪನಿ 30 ದಿನಗಳಲ್ಲಿ ಪಾಲಿಸಲೇಬೇಕು. ದೂರುದಾರನಿಗೆ ಆ ಕಟ್ಟಿಲ್ಲ. ಮೊತ್ತ ಕಡಿಮೆ ಎನಿಸಿದರೆ ಅವನು ಗ್ರಾಹಕರ ಆಯೋಗಕ್ಕೆ ಹೋಗಬಹುದು.